ಬಾಖ್‌ನದು ಯಾವುದು, ಕಂಪ್ಯೂಟರಿನದು ಯಾವುದು?

1997ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಪಿಯಾನೊ ವಾದಕಿ ವಿನಿಫ್ರೆಡ್ ಕರ್ನರ್ ಮೂರು ಕೃತಿ ನುಡಿಸಿದರು. ಒಂದು 18ನೇ ಶತಮಾನದ ಜರ್ಮನ್ ಸಂಗೀತ ಸಂಯೋಜಕ ಬಾಖ್‌ನದು. ಒಂದು ಅದೇ ಶೈಲಿಯಲ್ಲಿ ಅಲ್ಲಿನ ಸಂಗೀತದ ಮೇಷ್ಟ್ರು ಸ್ಟೀವ್ ಲಾರ್ಸನ್ ಬರೆದದ್ದು. ಇನ್ನೊಂದು ಕಂಪ್ಯೂಟರ್ ಹೆಣೆದದ್ದು. ಯಾವುದು ಯಾರದೆಂದು ಕೇಳುಗರು ಹೇಳಬೇಕಿತ್ತು. ಕಂಪ್ಯೂಟರಿನದೇ ನಿಜವಾದ ಬಾಖ್ ಎಂದರು. ಲಾರ್ಸನ್ ಅವರದು ಕಂಪ್ಯೂಟರಿನದಂತೆ! ಪಾಪ, ಅವರಿಗೆ ತುಂಬಾ ಬೇಸರವಾಯಿತು.

ಆ ಪ್ರೋಗ್ರಾಮಿನ ಹೆಸರು ಎಮಿ. ಮಾಡಿದವರು ಸಂಗೀತ ಸಂಯೋಜಕ ಡೇವಿಡ್ ಕೋಪ್. 1980ರ ದಶಕದ ಆರಂಭದಲ್ಲಿ ಒಂದು ಒಪೆರಾ, ಅಂದರೆ ಹಾಡಿನ ನಾಟಕ, ಬರೆಯಲು ಒಪ್ಪಿಕೊಂಡು, ಏನೂ ಹೊಳೆಯದೆ ಕೂತಿದ್ದಾಗ ಶುರುವಾದ ಕೆಲಸ ಇದು.

ಎಮಿ ಬಾಖ್‌ನ ಕೋರಾಲ್‌ಗಳನ್ನು, ಅಂದರೆ ನಾಲ್ಕು ದನಿಯ ಚರ್ಚ್ ಹಾಡುಗಳನ್ನು, ಸಣ್ಣ ಸಣ್ಣ ತುಂಡು ಮಾಡುತ್ತಿತ್ತು. ಪ್ರತಿ ತುಂಡಿನ ನಂತರ ನಾಲ್ಕೂ ದನಿ ಯಾವ ಸ್ವರಕ್ಕೆ ಹೋದವೆಂದು ಗುರುತಿಟ್ಟುಕೊಳ್ಳುತ್ತಿತ್ತು. ಆಮೇಲೆ ಅದೇ ಸ್ವರಗಳಿಂದ ಶುರುವಾಗುವ ತುಂಡನ್ನು ಬೇರೊಂದು ಹಾಡಿನಿಂದ ತಂದು ಜೋಡಿಸುತ್ತಿತ್ತು. ಸುಮ್ನೆ ಜೋಡಿಸಿದರೆ ಸಾಲದು, ಅಲ್ವಾ? ಹಲವು ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಬಾಖ್‌ನ ಮೆಚ್ಚಿನ ಪಲುಕುಗಳನ್ನು ಮುರಿಯದೆ ಉಳಿಸಿಕೊಳ್ಳುತ್ತಿತ್ತು. ಆನಂದಭೈರವಿಯನ್ನು ನಾವು ಎರಡೇ ಸಂಚಾರದಲ್ಲಿ ಗುರುತಿಸುವುದಿಲ್ಲವೇ? ಹಾಗೆ ಕೇಳುಗರ ಕಿವಿ 'ಇದು ಬಾಖ್' ಅನ್ನುತ್ತಿದ್ದುದು ಈ ಪಲುಕುಗಳಿಂದಲೇ.

ಬರೀ ಜೋಡಣೆ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಖ್‌ ಕೂಡ ಕೋರಾಲ್‌ಗಳ ಮಟ್ಟುಗಳನ್ನು ಹೆಚ್ಚಾಗಿ ಹಳೆಯ ಹಾಡುಗಳಿಂದಲೇ ತೆಗೆದುಕೊಂಡ. ಮಾಡಿದ್ದು ಅವಕ್ಕೆ ಉಳಿದ ದನಿಗಳನ್ನು ಹೆಣೆಯುವ ಕೆಲಸ. ಕೇಳಿದ್ದನ್ನು ಒಡೆದು ಹೊಸದಾಗಿ ಕೂಡಿಸುವುದು ಮನುಷ್ಯರ ಪ್ರತಿಭೆಯ ದೊಡ್ಡ ಪಾಲು. ಎಮಿ ಇದನ್ನು ನಮ್ಮ ಕಣ್ಣ ಮುಂದೆಯೇ ಬಿಚ್ಚಿಟ್ಟಿತು.

ಆದರೆ ಜರ್ಮನಿಯ ಲೈಪ್‌ಜಿಗ್‌ ಊರಿನಲ್ಲಿದ್ದ ಬಾಖ್‌ಗೆ ಬರುವ ಭಾನುವಾರದ ಚರ್ಚ್ ಪೂಜೆ ಇತ್ತು, ಅಂದು ಹಾಡಬೇಕಾದ ಮಾತುಗಳಿದ್ದವು, ಕೇಳಲು ಬರುವ ಊರಿನವರಿದ್ದರು. ಎಮಿಗೆ ಯಾವ ಭಾನುವಾರವೂ ಇರಲಿಲ್ಲ. ಕೋಪ್ ಒಮ್ಮೆ ಅದನ್ನು ಚಾಲೂ ಮಾಡಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ 5,000 ಕೋರಾಲ್‌ ತಯಾರಾಗಿದ್ದವು! ಯಾವುದು ಚೆನ್ನ, ಯಾವುದು ಬೇಡ ಎಂದು ಕೂತು ಕೇಳಬೇಕಾದವರು ಅವರೇ.

ಮುಂದೆ ಕೋಪ್ ಎಮಿ ಆಧರಿಸಿದ್ದ ಕೃತಿಗಳ ಭಂಡಾರವನ್ನೇ ಅಳಿಸಿಹಾಕಿದರು. ಎಷ್ಟು ಬೇಕಾದರೂ ಬರುತ್ತಲೇ ಇರುವ ಸಂಗೀತಕ್ಕೆ ಜನ ಬೆಲೆ ಕೊಡುವುದಿಲ್ಲ ಎಂದು ಅವರಿಗೆ ಅನಿಸಿತ್ತು. ಬಾಖ್‌ನಿಂದ ನಮಗೆ ಉಳಿದಿರುವ ಕೋರಾಲ್‌ಗಳು 400ರ ಆಸುಪಾಸು.