ಭತ್ತದ ಬೆಂಕಿ ರೋಗ: ಔಷಧಿ ಯಾವಾಗ ಹೊಡೆಯಬೇಕು?

ಪುಣೆಯಲ್ಲಿ ಕೃಷಿ ಓದುತ್ತಿರುವ ನಮ್ಮ ಕನ್ನಡ ಗುಂಪಿಗೆ ಈ ಟಿಪ್ಪಣಿ. ನಮಗೆ ಪಾಠ ಇಂಗ್ಲಿಷಿನಲ್ಲಿ, ರೈತರ ಮಾತು ಮರಾಠಿಯಲ್ಲಿ. ಹಾಗಾಗಿ ಮೊದಲು ಹೆಸರು ನೋಡೋಣ. ನಮ್ಮ ಕಡೆ ಬೆಂಕಿ ರೋಗ ಅನ್ನುವುದನ್ನೇ ಪುಣೆ ಹತ್ತಿರದ ಮಾವಳದ ರೈತರು 'ಕರಪಾ' ಅನ್ನುತ್ತಾರೆ. ಮರಾಠಿಯಲ್ಲಿ 'ಕರಪಣೆ' ಅಂದರೆ ಸೀದುಹೋಗುವುದು. ಎರಡೂ ಕಡೆಯವರಿಗೆ ಗದ್ದೆ ಸುಟ್ಟ ಹಾಗೇ ಕಂಡಿದೆ, ಅಲ್ವಾ? ರೋಗ ತರುವ ಶಿಲೀಂಧ್ರಕ್ಕೆ ಪುಸ್ತಕದಲ್ಲಿರುವ ಹೆಸರು ಮ್ಯಾಗ್ನಪೋರ್ಥೆ ಒರೈಝೇ. ಹಳೆಯ ಪುಸ್ತಕದಲ್ಲಿ ಪಿರಿಕ್ಯುಲೇರಿಯಾ ಒರೈಝೇ ಅಂತ ಇದ್ದರೆ ಗಾಬರಿ ಬೇಡ, ಎರಡೂ ಒಂದೇ ಶಿಲೀಂಧ್ರ.

ಗರಿಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಬರುತ್ತದೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಎಳ್ಳಿನ ಕಾಳಿನಷ್ಟು ದುಂಡನೆಯ ಕಂದು ಚುಕ್ಕೆ ಕಂಡರೆ ಅದು ಬೇರೆ, ಕಂದು ಚುಕ್ಕೆ ರೋಗ. 1943ರ ಬಂಗಾಳದ ಬರಗಾಲದ ಜೊತೆ ಹೇಳುವುದು ಆ ರೋಗವನ್ನು, ಬೆಂಕಿ ರೋಗವನ್ನಲ್ಲ. ಇಲ್ಲೇ ನಾನು ಒಮ್ಮೆ ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ಈಗ ಮುಖ್ಯ ವಿಷಯ. ಈ ಶಿಲೀಂಧ್ರದ ಬೀಜಕ (ಬೀಜದ ಹಾಗೆ ಹರಡುವ ಸೂಕ್ಷ್ಮ ಕಣ) ಗಾಳಿಯಲ್ಲಿ ಬಂದು ಒದ್ದೆ ಗರಿಗೆ ಅಂಟುತ್ತದೆ, ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಒಂದು ಪುಟ್ಟ ಗುಮ್ಮಟ ಕಟ್ಟಿಕೊಳ್ಳುತ್ತದೆ. ಗುಮ್ಮಟದ ಗೋಡೆಗೆ ಮೆಲನಿನ್ ಎಂಬ ಕಪ್ಪು ಬಣ್ಣದ ಪದರ. ಅದರಿಂದಾಗಿ ಒಳಗಿನ ಒತ್ತಡ ಹೊರಗೆ ಸೋರುವುದಿಲ್ಲ, ಸುಮಾರು 80 ವಾಯುಭಾರದವರೆಗೂ ಏರುತ್ತದೆ. ಕಾರಿನ ಟೈರಿನ ಗಾಳಿಗಿಂತ ಹತ್ತಿರ ಹತ್ತಿರ 40 ಪಟ್ಟು! ಆ ಬಲದಿಂದಲೇ ಅದು ಗರಿಯ ಚರ್ಮ ಚುಚ್ಚಿ ಒಳಗೆ ನುಗ್ಗುತ್ತದೆ.

ಈ ರೋಗಕ್ಕೆ ಹೊಡೆಯುವ ಔಷಧಿ ಟ್ರೈಸೈಕ್ಲಜೋಲ್ ಮಾಡುವುದು ಇಷ್ಟೇ: ಮೆಲನಿನ್ ಆಗಲು ಬಿಡುವುದಿಲ್ಲ. ಗೋಡೆ ಸೋರುತ್ತದೆ, ಒತ್ತಡ ಏರುವುದಿಲ್ಲ, ಶಿಲೀಂಧ್ರ ಬಾಗಿಲಲ್ಲೇ ನಿಲ್ಲುತ್ತದೆ. ಹಾಗಾದರೆ ಒಳಗೆ ಹೊಕ್ಕ ಮೇಲೆ? ಆಗ ಅದರಿಂದ ಹೆಚ್ಚು ಉಪಯೋಗವಿಲ್ಲ. ಬೇಗ ಹೊಡೆಯಿರಿ ಅಂತ ಎಲ್ಲರೂ ಹೇಳುವುದು ಸುಮ್ನೆ ಅಲ್ಲ. ಪ್ರಮಾಣ: 75 ಡಬ್ಲ್ಯು.ಪಿ. (ನೀರಿಗೆ ಕದಡುವ, ಶೇ. 75 ಔಷಧಿ ಇರುವ) ಪುಡಿ, ಲೀಟರ್ ನೀರಿಗೆ 0.6 ಗ್ರಾಂ. ಇನ್ನೊಂದು ಔಷಧಿ ಕಾರ್ಬೆಂಡಜಿಮ್ ಆದರೆ ಲೀಟರಿಗೆ 1 ಗ್ರಾಂ, ಅದರ ಕೆಲಸದ ರೀತಿ ಬೇರೆ, ಅದು ಶಿಲೀಂಧ್ರದ ಜೀವಕೋಶ ಒಂದು ಎರಡಾಗಿ ಬೆಳೆಯುವುದನ್ನು ತಡೆಯುತ್ತದೆ. ಒಂದೇ ಔಷಧಿಯನ್ನು ಪದೇ ಪದೇ ಹೊಡೆಯಬೇಡಿ, ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಆದರೆ ನನ್ನ ಲೆಕ್ಕದಲ್ಲಿ ಔಷಧಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಯೂರಿಯಾ ಎಷ್ಟು ಹಾಕಿದಿರಿ? ಸಾರಜನಕ ಜಾಸ್ತಿಯಾದರೆ ಗರಿ ಕಡು ಹಸಿರಾಗಿ ಮೆತ್ತಗಾಗುತ್ತದೆ. ಬೆಳೆ ದಟ್ಟವಾಗಿ ಇಬ್ಬನಿ ಬೇಗ ಆರುವುದಿಲ್ಲ. ಮೋಡ, ತಂಪು ರಾತ್ರಿ, ಹತ್ತು ಗಂಟೆ ಒದ್ದೆ ಗರಿ, ರೋಗಕ್ಕೆ ಇನ್ನೇನು ಬೇಕು? ಯೂರಿಯಾವನ್ನು ನಾಟಿ, ತೆಂಡೆ ಒಡೆಯುವುದು, ತೆನೆ ಮೂಡುವುದು ಅಂತ ಮೂರು ಕಂತು ಮಾಡಿ. ರೋಗ ಕಂಡರೆ ಮೇಲುಗೊಬ್ಬರ ಅಲ್ಲಿಗೇ ನಿಲ್ಲಿಸಿ. ಗದ್ದೆ ಒಣಗಲು ಬಿಡಬೇಡಿ, ನೀರು ಒಣಗಿದ ಗದ್ದೆಯಲ್ಲಿ ಈ ರೋಗ ಜೋರು. ಬದುವಿನ ಹುಲ್ಲು ಕಿತ್ತು ಹಾಕುವುದು, ರೋಗ ಬೀಜದಲ್ಲೂ ಬರುವುದರಿಂದ ಬೀಜೋಪಚಾರ (ಬಿತ್ತುವ ಮೊದಲು ಬೀಜಕ್ಕೆ ಔಷಧಿ), ಇವು ನಿಮಗೆ ಗೊತ್ತೇ ಇವೆ.

ತೆನೆಯ ಕುತ್ತಿಗೆಗೆ ಬಂದರೆ ಮಾತ್ರ ಕಷ್ಟ. ಕುತ್ತಿಗೆ ಕಪ್ಪಾಗಿ ಕಾಳಿಗೆ ಆಹಾರ ಹೋಗುವುದಿಲ್ಲ, ತೆನೆ ಜೊಳ್ಳು. ಕಾಂಡ ಕೊರಕ ಹುಳು ತಿಂದರೂ ತೆನೆ ಬೆಳ್ಳಗಾಗುತ್ತದೆ. ವ್ಯತ್ಯಾಸ ತಿಳಿಯಲು ತೆನೆ ಹಿಡಿದು ಎಳೆಯಿರಿ. ಸುಲಭವಾಗಿ ಕಿತ್ತು ಬಂದರೆ ಹುಳು. ಕಪ್ಪಾದ ಕುತ್ತಿಗೆಯಲ್ಲೇ ಮುರಿದರೆ ಬೆಂಕಿ ರೋಗ. ಅದಕ್ಕೆ ಔಷಧಿ ತೆನೆ ಹೊರಬರಲು ಶುರುವಾದಾಗಲೇ ಹೊಡೆಯಬೇಕು, ರೋಗ ಕಣ್ಣಿಗೆ ಕಾಣುವ ಮೊದಲೇ.

ಕಳೆದ ವರ್ಷ ಮಾವಳದಲ್ಲಿ ಒಬ್ಬ ಕಾಕಾ ಮುರಿದ ತೆನೆ ತೋರಿಸಿ, ಯಾವ ಔಷಧಿ ಅಂತ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ನಾನು ಹೇಳಿದ್ದು, "ಕಾಕಾ, ಈ ಗದ್ದೆಯ ಭತ್ತ ಬೀಜಕ್ಕೆ ಇಡಬೇಡಿ."