ಬಿಗಸ್ ಬುಗಸ್ ಆಗಲಿಲ್ಲ

ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದ ಅಂಗಡಿಯಲ್ಲಿ ಅಕ್ಕಿ ಬೇಕಾದರೆ 'ಬಿಗಸ್' ಅಂತ ಕೇಳಬೇಕು. ಅದೇ ದೇಶದ ಇಲೋಯ್ಲೊ, ಬಕೋಲೊಡ್ ನಗರಗಳ ಕಡೆ ಹೋದರೆ ಅದು 'ಬುಗಸ್'. ಮೊದಲನೆಯದು ಫಿಲಿಪಿನೊ ಭಾಷೆ, ಎರಡನೆಯದು ಹಿಲಿಗಾಯ್ನೊನ್ ಭಾಷೆ. ಕಪ್ಪು ಬಣ್ಣ ಫಿಲಿಪಿನೊದಲ್ಲಿ 'ಇತಿಮ್', ಇಲ್ಲಿ ಅಂದರೆ ಹಿಲಿಗಾಯ್ನೊನ್‌ನಲ್ಲಿ 'ಇತೊಮ್'. ಗಿಡ ನೆಡುವುದು 'ತನಿಮ್', ಇಲ್ಲಿ 'ತನೊಮ್'. ಹಲ್ಲು 'ಙಿಪಿನ್', ಇಲ್ಲಿ 'ಙಿಪೊನ್'. (ನಾವು ವರ್ಣಮಾಲೆ ಹೇಳುವಾಗ ಮಾತ್ರ ನೆನೆಯುವ ಙ, ಅಲ್ಲಿ ಪದದ ಮೊದಲಲ್ಲೇ ಬರುತ್ತದೆ!) ಕತ್ತಲೆ 'ದಿಲಿಮ್', ಇಲ್ಲಿ 'ದುಲೊಮ್'. ಈ ಪದದಲ್ಲಿ ಎರಡು ಇಕಾರಗಳಿಗೂ ಅದೇ ಗತಿ.

ಇದನ್ನೆಲ್ಲ ನೋಡಿ ಹಿಲಿಗಾಯ್ನೊನ್ ಅಂದರೆ ಕೆಟ್ಟುಹೋದ ಫಿಲಿಪಿನೊ, ಬರೀ ಒಂದು 'ಡಯಲೆಕ್ಟ್' ಅನ್ನುವವರು ಫಿಲಿಪ್ಪೀನ್ಸ್‌ನಲ್ಲೇ ಬೇಕಾದಷ್ಟು ಜನ ಇದ್ದಾರೆ. ಇದು ಶುದ್ಧ ತಪ್ಪು. ಕನ್ನಡ ತಮಿಳಿನ ಹೊಟ್ಟೆಯಿಂದ ಬಂತು ಅನ್ನುವ ವಾದವನ್ನು ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಅದೇ ಜಾತಿಯ ತಪ್ಪು ಇದು. ಅಧ್ಯಕ್ಷ ಮ್ಯಾನುಯೆಲ್ ಕೆಸೋನ್ 1937ರಲ್ಲಿ ರಾಷ್ಟ್ರಭಾಷೆಗೆ ತಗಾಲೊಗ್ ಭಾಷೆಯನ್ನು ಬುನಾದಿ ಮಾಡಿದರು. ಅದೇ ಮುಂದೆ ಫಿಲಿಪಿನೊ ಆಯಿತು. ಪಟ್ಟ ಸಿಕ್ಕ ಮಾತ್ರಕ್ಕೆ ಅದು ಉಳಿದ ಭಾಷೆಗಳ ತಾಯಿ ಆಗಿಬಿಡುತ್ತದೆಯೇ?

ನಿಜವಾಗಿ ನಡೆದದ್ದು ಬೇರೆ. ಈ ಎರಡು ಭಾಷೆಗಳಿಗೂ ಹಿರಿಯಳಾದ ಒಂದು ಹಳೆಯ ಭಾಷೆ ಇತ್ತು. ಅದರಲ್ಲಿ ಒಂದು ಮಸುಕು ಸ್ವರ ಇತ್ತು. ಬಾಯಿ ಅರ್ಧ ತೆರೆದು, ನಾಲಿಗೆಯನ್ನು ಸುಮ್ನೆ ನಡುವೆ ಬಿಟ್ಟರೆ ಬರುವ ಸ್ವರ. ಇಂಗ್ಲಿಷಿನ 'ಅಬೌಟ್' ಪದದ ಮೊದಲ ಸದ್ದು ಅದೇ. ನಾಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಇಂಥ ಸ್ವರ ಆಚೀಚೆ ಸರಿಯುವುದು ಸುಲಭ. ತಗಾಲೊಗ್ ಜನರ ಬಾಯಲ್ಲಿ ಅದು ಮುಂದಕ್ಕೆ ಸರಿದು 'ಇ' ಆಯಿತು. ಹಿಲಿಗಾಯ್ನೊನ್ ಜನರ ಬಾಯಲ್ಲಿ ಹಿಂದಕ್ಕೆ ಸರಿದು 'ಉ' ಆಯಿತು. ಉ, ಒ ಅಲ್ಲಿ ಒಂದೇ ಸ್ವರದ ಎರಡು ಮುಖ.

ಈ ಹಳೆಯ ಸ್ವರ ಊಹೆಯ ಮಾತಲ್ಲ. ಜಾವಾ ದ್ವೀಪಕ್ಕೆ ಹೋಗಿ ಆರು ಎಣಿಸಿ ನೋಡಿ: 'ಎನೆಮ್'. ಬರೆಯುವುದು ಎ ಅಂತ, ಆದರೆ ಉಚ್ಚಾರದಲ್ಲಿ ಎರಡನೆಯ ಎ ಅದೇ ಮಸುಕು ಸ್ವರ. ಇದೇ ಪದ ತಗಾಲೊಗ್‌ನಲ್ಲಿ 'ಅನಿಮ್', ಹಿಲಿಗಾಯ್ನೊನ್‌ನಲ್ಲಿ 'ಅನುಮ್'. 1930ರ ದಶಕದಲ್ಲಿ ಒಟ್ಟೊ ಡೆಂಪ್‌ವುಲ್ಫ್ ಎಂಬ ಜರ್ಮನ್ ವಿದ್ವಾಂಸರು ತಗಾಲೊಗ್, ಜಾವಾ, ಸುಮಾತ್ರಾ ದ್ವೀಪದ ತೋಬಾ ಬಟಕ್ ಭಾಷೆಗಳ ಪದಗಳನ್ನು ಹೀಗೇ ಪಕ್ಕಪಕ್ಕ ಇಟ್ಟು ಮೂಲ ಭಾಷೆಯ ಧ್ವನಿಗಳನ್ನು ಕಟ್ಟಿದರು. ಭಾಷೆಗೆ ಬರುವ ಮೊದಲು ಅವರು ಡಾಕ್ಟರು. ಜರ್ಮನ್ ವಸಾಹತುಗಳಲ್ಲಿ ಕೆಲಸ ಮಾಡಿದ್ದವರು. ನಮ್ಮ 'ಪಾಲು' 'ಹಾಲು' ಆದದ್ದು, 'ಪತ್ತು' 'ಹತ್ತು' ಆದದ್ದು ಇಂಥದೇ ಕಟ್ಟುನಿಟ್ಟಿನ ಧ್ವನಿ ಬದಲಾವಣೆ.

ಹಾಗಂತ ಇ ತೆಗೆದು ಉ ಹಾಕಿದರೆ ಅನುವಾದ ಮುಗಿಯಿತು ಅಂದುಕೊಳ್ಳಬೇಡಿ. ದಿನಬಳಕೆಯ ಮಾತಿನಲ್ಲಿ ಜಾಸ್ತಿ ಎಡವುವುದು 'ಇಲ್ಲ' ಅನ್ನುವಲ್ಲಿ. ನಾನು ಊಟ ಮಾಡಲಿಲ್ಲ ಅನ್ನಲು ಫಿಲಿಪಿನೊದಲ್ಲಿ 'ಹಿಂದಿ ಅಕೊ ಕುಮಾಯಿನ್'. ಮಾಡುವುದಿಲ್ಲ ಅನ್ನಲು 'ಹಿಂದಿ ಅಕೊ ಕಕಾಯಿನ್'. ಎರಡಕ್ಕೂ 'ಹಿಂದಿ'ಯೇ. ಹಿಲಿಗಾಯ್ನೊನ್ ಇದನ್ನು ಒಡೆಯುತ್ತದೆ. ಮಾಡಲಿಲ್ಲ ಅಂದರೆ 'ವಲಾ ಅಕೊ ನಗ್‌ಕಾವೊನ್'. ಮಾಡುವುದಿಲ್ಲ ಅಂದರೆ 'ಇಂದಿ ಅಕೊ ಮಗ್‌ಕಾವೊನ್'. ಜೇಬಿನಲ್ಲಿ ದುಡ್ಡಿಲ್ಲ ಅನ್ನುವುದಕ್ಕೂ ಅದೇ 'ವಲಾ'. ಕನ್ನಡಿಗರಿಗೆ ಇದು ಸಲೀಸು. 'ದುಡ್ಡಿಲ್ಲ' ಅನ್ನುವ 'ಇಲ್ಲ'ವನ್ನೇ ತಾನೆ ನಾವು 'ಮಾಡಲಿಲ್ಲ'ಕ್ಕೂ ಅಂಟಿಸುವುದು? ಇನ್ನು 'ಇಂದಿ'ಯನ್ನು ಒಂಟಿಯಾಗಿ ಹೇಳಿದರೆ ಉತ್ತರ ಕರ್ನಾಟಕದ 'ಒಲ್ಲೆ'ಗೆ ಬಹಳ ಹತ್ತಿರ.

ಇಲೋಯ್ಲೊದಲ್ಲಿ ಮಧ್ಯಾಹ್ನ ಯಾರಾದರೂ 'ನಕಪನ್ಯಾಗಾ ಕಾ ನಾ?' ಅಂತ ಊಟ ಆಯ್ತಾ ಕೇಳುತ್ತಾರೆ. ಮನಿಲಾದವರು 'ಇನ್ನೂ ಇಲ್ಲ' ಅನ್ನುವ ತಮ್ಮ 'ಹಿಂದಿ ಪಾ'ವನ್ನು ಅಕ್ಷರಕ್ಕಕ್ಷರ ತಿರುಗಿಸಿ 'ಇಂದಿ ಪಾ' ಅಂದರೆ, ಈಗಲೇ ಬೇಡ ಅಂದ ಹಾಗಾಗುತ್ತದೆ. ಇನ್ನೂ ಆಗಿಲ್ಲ ಅನ್ನಬೇಕಾದರೆ 'ವಲಾ ಪಾ' ಅನ್ನಬೇಕು.