ಕೆರಟೋಲಿಟಿಕ್: ಸುಡುವ ಮದ್ದಲ್ಲ ಮಾರಾಯ್ರೆ

ಮಳೆಗಾಲ ಹಿಡಿದರೆ ಸಾಕು, ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಕಾಲಿನ ಫೋಟೋಗಳು ಶುರುವಾಗುತ್ತವೆ. ಬೆರಳ ಸಂದಿ, ಒಡೆದ ಹಿಮ್ಮಡಿ, ಆಣಿ, ನರೂಲಿ. ಕೆಳಗೆ ಒಂದು ಸಲಹೆ ಇದ್ದೇ ಇರುತ್ತದೆ: ‘ಮೆಡಿಕಲ್‌ನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಅಂತ ಸಿಗುತ್ತೆ, ಹಚ್ಚಿ, ಸುಟ್ಟು ಹಾಕುತ್ತೆ.’ ಇಂಥ ಮದ್ದನ್ನು ವೈದ್ಯರ ಭಾಷೆಯಲ್ಲಿ ಕೆರಟೋಲಿಟಿಕ್ ಅನ್ನುತ್ತಾರೆ. ಮೊನ್ನೆ ಒಂದು ಆರೋಗ್ಯ ಬರಹದಲ್ಲಿ ‘ಕೆರಟೋಲಿಟಿಕ್ ಎಂದರೆ ಚರ್ಮವನ್ನು ಸುಡುವ ಔಷಧಿ’ ಎಂದೇ ಬರೆದಿದ್ದರು. ಗುಂಪಿನವರು ಹೇಳಿದರೆ ಬಿಡಬಹುದು. ಬರೆದು ತಿಳಿಸಲು ಹೊರಟವರೂ ಹಾಗೇ ಹೇಳಿದರೆ ಹೇಗೆ?

ಪದವನ್ನೇ ಬಿಡಿಸಿ ನೋಡೋಣ. ಗ್ರೀಕ್‌ನಲ್ಲಿ ‘ಕೆರಾಸ್’ ಅಂದರೆ ಕೊಂಬು. ದನದ ಕೊಂಬು, ಗೊರಸು, ನಮ್ಮ ಉಗುರು, ಕೂದಲು, ಚರ್ಮದ ಮೇಲ್ಪದರ ಎಲ್ಲದರಲ್ಲೂ ಇರುವ ಗಟ್ಟಿ ಪ್ರೋಟೀನಿಗೆ ಕೆರಟಿನ್ ಎಂಬ ಹೆಸರು ಬಂದಿದ್ದು ಅಲ್ಲಿಂದ. ‘ಲೈಸಿಸ್’ ಅಂದರೆ ಬಿಚ್ಚುವುದು, ಸಡಿಲಿಸುವುದು. ಡಯಾಲಿಸಿಸ್ ಪದದ ಬಾಲದಲ್ಲಿ ಇರುವುದೂ ಇದೇ. ಡಯಾಲಿಸಿಸ್ ಮಾಡಿಸಿಕೊಂಡವರನ್ನು ‘ಕಿಡ್ನಿ ಸುಡಿಸಿಕೊಂಡು ಬಂದ್ರಾ’ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಇಡೀ ಪದದಲ್ಲಿ ಬೆಂಕಿಯ ಸುಳಿವೇ ಇಲ್ಲ.

ನಿಜ ಹೇಳಬೇಕೆಂದರೆ ಕೆರಟೋಲಿಟಿಕ್ ಎನ್ನುವ ಪದವೂ ಪೂರ್ತಿ ಸರಿಯಲ್ಲ. ಸ್ಯಾಲಿಸಿಲಿಕ್ ಆಸಿಡ್ ಕೆರಟಿನ್ನನ್ನು ಕರಗಿಸುವುದೇ ಇಲ್ಲ. ಚರ್ಮದ ಮೇಲ್ಪದರ ಸತ್ತ ಜೀವಕೋಶಗಳ ಅಟ್ಟಿ. ಒಂದನ್ನೊಂದು ಬಿಗಿದು ಹಿಡಿಯಲು ಅವುಗಳ ನಡುವೆ ಕೊಂಡಿಗಳಿವೆ. ಈ ಮದ್ದು ಆ ಕೊಂಡಿಗಳನ್ನು ಸಡಿಲ ಮಾಡುತ್ತದೆ. ಜೀವಕೋಶ ಹಾಗೇ ಇದ್ದು, ಹಿಡಿತ ಬಿಟ್ಟು ಉದುರುತ್ತದೆ. ಅದಕ್ಕೇ ಕೆಲವು ಚರ್ಮತಜ್ಞರು ಇದನ್ನು ‘ಡೆಸ್ಮೋಲಿಟಿಕ್’ ಅನ್ನುತ್ತಾರೆ. ‘ಡೆಸ್ಮೋಸ್’ ಅಂದರೆ ಕಟ್ಟು. ಕಟ್ಟು ಬಿಚ್ಚುವ ಮದ್ದು. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ: ಅಡಿಕೆ ಸುಲಿಯುತ್ತೇವೆ. ಸಿಪ್ಪೆ ಬೇರೆ ಮಾಡಲಿಕ್ಕೆ ಅಡಿಕೆಯನ್ನು ಯಾರೂ ಸುಡುವುದಿಲ್ಲ.

ಸುಡುವ ಮದ್ದು ಬೇರೆಯೇ ಇದೆ. ಹಿಂದೆ ನರೂಲಿಗೆ ಹಚ್ಚುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ಸುಡುತ್ತದೆ. ಸುಣ್ಣ, ಸೋಡಾ ಕಲಸಿ ಇಡುವುದೂ ಸುಡುವ ಕೆಲಸವೇ. ಅವು ಸತ್ತ ಚರ್ಮ, ಬದುಕಿರುವ ಚರ್ಮ ಅಂತ ನೋಡುವುದಿಲ್ಲ, ಬೊಬ್ಬೆ ಎಬ್ಬಿಸಿ ಕಲೆ ಉಳಿಸಿ ಹೋಗುತ್ತವೆ. ಸಿಲ್ವರ್ ನೈಟ್ರೇಟ್, ಟ್ರೈಕ್ಲೋರೋ ಅಸಿಟಿಕ್ ಆಸಿಡ್‌ನಂಥವೂ ಸುಡುವ ಜಾತಿಯವು. ಅವನ್ನು ಡಾಕ್ಟರು ತಮ್ಮ ಕೈಯಾರೆ ಹಚ್ಚುತ್ತಾರೆ.

ಪದಕ್ಕಾಗಿ ಇಷ್ಟು ತಕರಾರು ಯಾಕೆಂದರೆ, ‘ಸುಡುತ್ತದೆ’ ಎಂದು ನಂಬಿದವರು ಉರಿಗೆ ಕಾಯುತ್ತಾರೆ. ಉರಿಯದಿದ್ದರೆ ಮದ್ದು ಹತ್ತಲಿಲ್ಲ ಅಂತ ಇನ್ನಷ್ಟು ಬಳಿಯುತ್ತಾರೆ. ಉರಿದರೆ ‘ಹಾಂ, ಕೆಲಸ ಮಾಡ್ತಿದೆ’ ಅಂತ ಸಹಿಸಿಕೊಳ್ಳುತ್ತಾರೆ. ಎರಡೂ ತಲೆಕೆಳಗು. ಹಚ್ಚಿದಾಗ ಸ್ವಲ್ಪ ಚುರುಚುರು ಅನ್ನುವುದು ಬೇರೆ. ಕೆಂಪಾಗಿ, ಉರಿದು, ನೋವಾದರೆ ಮದ್ದು ಒಳಗಿನ ಹಸಿ ಚರ್ಮ ಮುಟ್ಟಿದೆ ಎಂದು ಅರ್ಥ. ಆಗ ನಿಲ್ಲಿಸಬೇಕು. ಕೆಲವು ದಿನ ಬಿಟ್ಟು, ಚರ್ಮ ಸರಿಯಾದ ಮೇಲೆ ಮತ್ತೆ ಶುರು ಮಾಡಬಹುದು.

ಇನ್ನೊಂದು ಮಾತು, ‘ಸ್ಯಾಲಿಸಿಲಿಕ್ ಕೊಡಿ’ ಎನ್ನುವುದು. ಯಾವುದು? ಮೊಡವೆಯ ಫೇಸ್‌ವಾಶ್‌ನಲ್ಲಿ ಇರುವುದು ಶೇ. 0.5ರಿಂದ 2. ತಲೆಹೊಟ್ಟಿನ ಶಾಂಪೂನಲ್ಲಿ 2ರಿಂದ 3. ದಪ್ಪಗಟ್ಟಿದ ಚರ್ಮಕ್ಕೆ ಕೊಡುವ ಮುಲಾಮಿನಲ್ಲಿ ಸಾಮಾನ್ಯವಾಗಿ 3ರಿಂದ 6. ನರೂಲಿಗೆ ಕಡ್ಡಿಯಲ್ಲಿ ಹಚ್ಚುವ ದ್ರವದಲ್ಲಿ 17ರ ಆಸುಪಾಸು, ಜೊತೆಗೆ ಹೆಚ್ಚಾಗಿ ಲ್ಯಾಕ್ಟಿಕ್ ಆಸಿಡ್. ಆಣಿಗೆ ಅಂಟಿಸುವ ಪಟ್ಟಿಯಲ್ಲಿ 40. ಹೆಸರು ಒಂದೇ ಅಂತ ಕಾಲಿನದ್ದನ್ನು ಮುಖಕ್ಕೆ ಹಚ್ಚಿಕೊಂಡವರೂ ಇದ್ದಾರೆ. ಡಬ್ಬಿಯ ಮೇಲಿನ ಅಂಕಿ ಓದುವುದು ಹೆಸರು ಓದುವುದಕ್ಕಿಂತ ಮುಖ್ಯ.

ಆಣಿ, ನರೂಲಿ ಎರಡನ್ನೂ ಒಂದೇ ಮಾಡುವುದು ನಮ್ಮಲ್ಲಿ ಜಾಸ್ತಿ. ಆಣಿ ಒತ್ತಡದಿಂದ ಆಗುವುದು. ಚಪ್ಪಲಿ, ಗಂಬೂಟು ಒಂದೇ ಕಡೆ ಒತ್ತಿ ಒತ್ತಿ ಚರ್ಮ ಗಟ್ಟಿಯಾಗುತ್ತದೆ. ನರೂಲಿ ವೈರಸ್‌ನಿಂದ ಬರುವುದು, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅಂಗಾಲಿನಲ್ಲಿ ಎದ್ದಾಗ ನೋಡಲು ಎರಡೂ ಒಂದೇ ಥರ. ಆಣಿಯನ್ನು ಮೇಲಿನಿಂದ ಒತ್ತಿದರೆ ನೋವು, ನರೂಲಿಯನ್ನು ಎರಡು ಬದಿಯಿಂದ ಚಿವುಟಿದರೆ ನೋವು. ನರೂಲಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ‘ಬೇರು’ ಅಲ್ಲ. ಇನ್ನು ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಅಂಗಾಲಲ್ಲಿ ಮುರಿದು ಕೂತ ಮುಳ್ಳೂ ಆಣಿಯ ವೇಷ ಹಾಕುತ್ತದೆ. ಅದಕ್ಕೆ ಯಾವ ಆಸಿಡ್ಡೂ ಬೇಡ, ಮುಳ್ಳು ತೆಗೆಸಬೇಕು. ಆಣಿಗೂ ಅಷ್ಟೇ, ಒತ್ತುವ ಚಪ್ಪಲಿ ಬದಲಾಗದೆ ಬರೀ ಮದ್ದು ಹಚ್ಚುತ್ತಿದ್ದರೆ ಅದು ಮತ್ತೆ ಬರುತ್ತದೆ.

ನರೂಲಿಗೆ ಹಚ್ಚುವ ಕ್ರಮ ದೊಡ್ಡ ವಿದ್ಯೆಯಲ್ಲ. ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಒರೆಸಿ ಒಣಗಿಸಿ. ಮೆತ್ತಗಾದ ಮೇಲ್ಪದರವನ್ನು ಒರಟು ಕಲ್ಲಿನಲ್ಲೋ ಉಗುರು ಉಜ್ಜುವ ಅರದಲ್ಲೋ ಹಗುರವಾಗಿ ಉಜ್ಜಿ, ರಕ್ತ ಬರುವಷ್ಟಲ್ಲ. ಆ ಅರವನ್ನು ಬೇರೆಯವರು ಮುಟ್ಟಬಾರದು. ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ಬಳಿಯಿರಿ. ಮದ್ದು ನರೂಲಿಯ ಮೇಲೆ ಮಾತ್ರ. ದಿನಕ್ಕೊಮ್ಮೆ, ತಾಳ್ಮೆಯಿಂದ, ಹನ್ನೆರಡು ವಾರದವರೆಗೂ. ಮೂರು ದಿನದಲ್ಲಿ ‘ಏನೂ ಆಗಲಿಲ್ಲ’ ಎಂದು ಬ್ಲೇಡು ಹಿಡಿಯುವವರಿಗೆ ಏನು ಹೇಳುವುದು! ಮುಖದ ಮೇಲಿನ, ಗುಪ್ತಾಂಗದ ನರೂಲಿಗೆ, ಮಚ್ಚೆಗೆ, ಹುಟ್ಟುಗುರುತಿಗೆ ಇದನ್ನು ಮುಟ್ಟಿಸಲೇಬಾರದು.

ಹುಳುಕಡ್ಡಿಗೆ ಹಳೆಯ ಕಾಲದಿಂದ ಇರುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಶೇ. 3 ಸ್ಯಾಲಿಸಿಲಿಕ್, ಶೇ. 6 ಬೆಂಜೋಯಿಕ್ ಆಸಿಡ್ ಇರುತ್ತವೆ. ಫಂಗಸ್ ಬದುಕುವುದು ಸತ್ತ ಮೇಲ್ಪದರದಲ್ಲಿ. ಆ ಪದರ ಉದುರಿದರೆ ಫಂಗಸ್ಸಿನ ಮನೆಯೂ ಹೋದಂತೆ. ಆದರೆ ಗದ್ದೆ ಕೆಸರಲ್ಲಿ ನಿಂತು ಬೆರಳ ಸಂದಿ ಬಿರಿದು ಹಸಿಯಾಗಿದ್ದರೆ ಅಲ್ಲಿಗೆ ಇದು ಸಲ್ಲ. ಮೊದಲು ಕಾಲು ಒಣಗಬೇಕು. ಅದಕ್ಕೆ ತಕ್ಕ ಬೇರೆ ಫಂಗಸ್ ಮುಲಾಮು ಡಾಕ್ಟರು ಕೊಡುತ್ತಾರೆ. ಇದಕ್ಕಿಂತ ಕೋಪ ಬರುವುದು ಸ್ಟಿರಾಯ್ಡ್ ಬೆರೆಸಿದ ಸ್ಯಾಲಿಸಿಲಿಕ್ ಮುಲಾಮನ್ನು ಚೀಟಿ ಇಲ್ಲದೆ ತಂದು ಹುಳುಕಡ್ಡಿಗೆ ಹಚ್ಚುವುದನ್ನು ನೋಡಿದಾಗ. ಅದು ಚರ್ಮ ದಪ್ಪಗಟ್ಟಿ ಹೊಟ್ಟೇಳುವ ಸೋರಿಯಾಸಿಸ್‌ನಂಥ ಕಾಯಿಲೆಗೆ ಮಾಡಿದ್ದು. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತಾ ಹೋಗುತ್ತದೆ.

ಮೊಡವೆಯ ವಿಷಯ ಎರಡೇ ಮಾತು. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿದು ಕಟ್ಟಿಕೊಂಡದ್ದನ್ನು ಬಿಡಿಸುತ್ತದೆ, ಹಾಗಾಗಿ ಕಪ್ಪುತಲೆಯ ಮೊಡವೆಗೆ ಒಳ್ಳೆಯದು. ಕ್ಲಿನಿಕ್‌ನಲ್ಲಿ ಮುಖದ ಮೇಲ್ಪದರ ಸುಲಿಯಲು ಮಾಡುವ ‘ಪೀಲ್’ ಶೇ. 20, 30ರದ್ದು, ಆನ್‌ಲೈನಲ್ಲಿ ತರಿಸಿ ಕನ್ನಡಿ ಮುಂದೆ ಮಾಡಿಕೊಳ್ಳುವಂಥದ್ದಲ್ಲ.

ಇನ್ನು ‘ಸ್ಯಾಲಿಸಿಲಿಕ್’ ಎಂಬ ಹೆಸರು. ಲ್ಯಾಟಿನ್‌ನಲ್ಲಿ ‘ಸ್ಯಾಲಿಕ್ಸ್’ ಅಂದರೆ ವಿಲೋ ಮರ, ಕ್ರಿಕೆಟ್ ಬ್ಯಾಟ್ ಮಾಡುವ ಅದೇ ವಿಲೋ. ಅದರ ತೊಗಟೆಯಿಂದ 1828ರಲ್ಲಿ ಜರ್ಮನಿಯ ಬುಕ್ನರ್ ಸ್ಯಾಲಿಸಿನ್ ಎಂಬ ಕಹಿ ವಸ್ತುವನ್ನು ಬೇರೆ ಮಾಡಿದರು. 1838ರಲ್ಲಿ ಇಟಲಿಯ ಪಿರಿಯಾ ಅದರಿಂದ ಈ ಆಸಿಡ್ ತಯಾರಿಸಿದರು. ಇದಕ್ಕೇ ಅಸಿಟೈಲ್ ಗುಂಪು ಸೇರಿಸಿ 1897ರಲ್ಲಿ ಬೇಯರ್ ಕಂಪನಿಯಲ್ಲಿ ಮಾಡಿದ್ದು ಆಸ್ಪಿರಿನ್. ಈ ನೆಂಟಸ್ತಿಕೆ ಬರೀ ಕುತೂಹಲದ್ದಲ್ಲ. ಆಸ್ಪಿರಿನ್ ಆಗದವರು ಇದನ್ನೂ ಕೇಳದೆ ಹಚ್ಚಬಾರದು. ಚರ್ಮದ ಮೂಲಕ ಇದು ರಕ್ತಕ್ಕೂ ಹೋಗುತ್ತದೆ. ಅಂಗೈಯಗಲ ಜಾಗಕ್ಕೆ ಚಿಂತೆಯಿಲ್ಲ. ಮೈತುಂಬಾ ಬಳಿದು ಪ್ಲಾಸ್ಟಿಕ್ ಸುತ್ತಿದರೆ ಕಿವಿಯಲ್ಲಿ ಗುಂಯ್ ಅನ್ನುವುದು, ವಾಕರಿಕೆ, ಏದುಸಿರು ಬರಬಹುದು. ಮಕ್ಕಳಿಗೆ, ಕಿಡ್ನಿ ತೊಂದರೆ ಇರುವವರಿಗೆ ಈ ಅಪಾಯ ಹೆಚ್ಚು.

ಸಕ್ಕರೆ ಕಾಯಿಲೆಯವರು ಕಾಲಿಗೆ ಇದನ್ನು ತಾವಾಗಿ ಹಚ್ಚಲೇಬಾರದು. ಕಾಲಿನ ಸ್ಪರ್ಶ ಕಡಿಮೆಯಾದವರಿಗೂ, ರಕ್ತ ಸಂಚಾರ ಸರಿಯಿಲ್ಲದವರಿಗೂ ಅದೇ ಮಾತು. ನೋವು ತಿಳಿಯದ ಕಾಲಿಗೆ ಮದ್ದು ಒಳಗಿಳಿದದ್ದು ಗೊತ್ತೇ ಆಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ. ಅಂಥವರ ಆಣಿಯನ್ನು ಡಾಕ್ಟರೇ ನೋಡಲಿ.

ಅಂದಹಾಗೆ ನರೂಲಿಯ ದ್ರವ ಬಹಳಷ್ಟು ಸಲ ಕೊಲೋಡಿಯನ್ ಎಂಬ, ಒಣಗಿದರೆ ಪೊರೆ ಕಟ್ಟುವ ದ್ರವದಲ್ಲಿ ಕಲಸಿದ್ದು. ಅದರಲ್ಲಿ ಈಥರ್ ಇರುತ್ತದೆ, ಕಿಡಿ ಸೋಕಿದರೆ ಭಗ್ಗೆನ್ನುತ್ತದೆ. ನಮ್ಮಲ್ಲಿ ಕಾಲು ನೆನೆಸುವುದು ಬಚ್ಚಲ ಹಂಡೆಯ ಪಕ್ಕದಲ್ಲೇ. ನೆನೆಸಿದ ಮೇಲೆ ಒಲೆಯಿಂದ ದೂರ ಬಂದು ಕೂತು ಹಚ್ಚಿ, ಮುಚ್ಚಳ ಬಿಗಿಯಾಗಿ ಹಾಕಿ. ಈ ಮದ್ದಿನ ವಿಷಯದಲ್ಲಿ ‘ಸುಡುತ್ತದೆ’ ಎಂಬ ಮಾತು ಸರಿಯಾಗುವುದು ಅಲ್ಲಿ ಮಾತ್ರ.